ಮುಂದಿನ ವಾರ ಮತ್ತ ಬರಬೇಕಲ್ಲ



ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯವರು ಈ ಹೊತ್ತು ರೇಡಿಯೋ ಹಚ್ಚಿ ಕುಳಿತಿದ್ದರೆ ಅವರಿಗೆ ಮೊದಲೇ ಒಂದು ಮಾತು. ನಿಮ್ಮೂರಿನ ಸಂತೆ ಯಾವ ವಾರ ಅಂತ ನಾನು ಹೇಳಲು ಹೋಗುವುದಿಲ್ಲ. ಅದನ್ನು ನಿಮಗೆ ಹೇಳಿಕೊಡುವವರು ಯಾರೂ ಬೇಕಿಲ್ಲ. ಹುಟ್ಟಿದ ತಾರೀಖು ಗೊತ್ತಿಲ್ಲದ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅವರನ್ನು ಕೇಳಿದರೆ, ‘ನಮ್ಮವ್ವ ಹೇಳ್ತಿದ್ಲು, ಸಂತಿ ಮರುದಿನ ಹುಟ್ಟೇನಂತ’ ಅನ್ನುತ್ತಾರೆ. ಸಂತೆಯ ಹಿಂದಿನ ದಿನ, ಸಂತೆಯ ದಿನ, ಸಂತೆಯ ಮರುದಿನ. ವಾರದಲ್ಲಿ ಈ ಮೂರು ದಿನಗಳಿಗೆ ಗುರುತಿದೆ. ಉಳಿದ ನಾಲ್ಕು ಹೊಲಕ್ಕೆ ಹೋದವು.

ಪಟ್ಟಣದಲ್ಲಿ ಕುಳಿತು ಸಂತೆಯ ಬಗ್ಗೆ ಬರೆಯುವವರು ಅದನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕಾದ ಚೆಂದದ ಸಾಮಾನಿನಂತೆ ಕಾಣುತ್ತಾರೆ. ಬಣ್ಣ, ಗದ್ದಲ, ಬಳೆಗಾರ, ಬೆಂಡು ಬತ್ತಾಸು. ಇವೆಲ್ಲ ಇರುವುದು ನಿಜ. ಆದರೆ ಸಂತೆ ಬದುಕಿರುವುದು ಚೆಂದದಿಂದಲ್ಲ, ಬಟವಾಡಿಯಿಂದ. ಕಳೆ ತೆಗೆಯಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಆಳುಗಳಿಗೆ ದಿನದ ಪಗಾರ ದಿನಾ ಕೈಗೆ ಬರುವುದು ಕಡಿಮೆ. ವಾರದ ಲೆಕ್ಕ ವಾರಕ್ಕೊಮ್ಮೆ ಚುಕ್ತಾ ಆಗುತ್ತದೆ, ಅದೂ ಸಂತೆಯ ಹಿಂದಿನ ಸಂಜೆ, ತಪ್ಪಿದರೆ ಸಂತೆಯ ದಿನ ಮುಂಜಾನೆ. ಹೊಲದ ಒಡೆಯ ಹಿಂದೆಮುಂದೆ ನೋಡಿದರೆ ಆಳು ಜಗಳ ತೆಗೆಯುವುದಿಲ್ಲ. ‘ನಾಳಿ ಸಂತಿ ಐತ್ರಿ ಗೌಡ್ರ’ ಅನ್ನುತ್ತಾಳೆ, ಅಷ್ಟೇ. ಆ ಮಾತಿಗೆ ಎದುರು ಉತ್ತರ ಇಲ್ಲ. ಎಂಥ ಬಿಗಿ ಕೈಯವನೂ ಒಳಗೆ ಹೋಗಿ ರೊಕ್ಕ ತರುತ್ತಾನೆ.

ಹೀಗೆ ಬಂದ ರೊಕ್ಕ ಎಂಟು ದಿನಕ್ಕೆ ಸಾಲಬೇಕು. ಅದಕ್ಕೇ ಸಂತೆಯಲ್ಲಿ ಎಲ್ಲವೂ ಎಂಟು ದಿನದ ಅಳತೆಯಲ್ಲೇ ಸಿಗುತ್ತದೆ. ಪಾವ್ ಕಿಲೋ ಚಹಾಪುಡಿ, ಅರ್ಧ ಕಿಲೋ ಎಣ್ಣೆ, ಹತ್ತು ರೂಪಾಯಿಯ ಜೀರಿಗೆ ಸಾಸಿವೆ, ಒಂದು ಹಿಡಿ ಹುಂಚಿಹಣ್ಣು, ಒಂದು ಗುಂಪಿ ಬಳ್ಳೊಳ್ಳಿ. ಹುಬ್ಬಳ್ಳಿಯ ದೊಡ್ಡ ದೊಡ್ಡ ಮಾಲುಗಳಲ್ಲಿ ತಿಂಗಳ ಸಾಮಾನು ಒಮ್ಮೆಲೇ ತಳ್ಳುಗಾಡಿಗೆ ತುಂಬಿಕೊಳ್ಳುತ್ತಾರಲ್ಲ, ಅದು ತಿಂಗಳ ಸಂಬಳದವರ ಅಂಗಡಿ. ವಾರದ ಪಗಾರದವರಿಗೆ ವಾರದ ಅಂಗಡಿ. ಎರಡಕ್ಕೂ ಮೇಲು ಕೀಳು ಹಚ್ಚುವುದು ಬೇಡ, ಲೆಕ್ಕದ ಪುಸ್ತಕಗಳೇ ಬೇರೆ.

ಕೊಳ್ಳುವವರಿಗೆ ವಾರದಲ್ಲಿ ಒಂದೇ ಸಂತೆ, ಮಾರುವವರಿಗೆ ಆರೇಳು. ಇವತ್ತು ನವಲಗುಂದದಲ್ಲಿ ತಾಡಪತ್ರಿ ಕಟ್ಟಿದವರು ನಾಳೆ ಇನ್ನೊಂದೂರು, ನಾಡಿದ್ದು ಮತ್ತೊಂದು. ಮೊದಲು ಚಕ್ಕಡಿಯಲ್ಲಿ, ಆಮೇಲೆ ಬಸ್ಸಿನ ನೆತ್ತಿಯ ಮೇಲೆ ಗಂಟು ಹಾಕಿ ತಿರುಗುತ್ತಿದ್ದರು. ಈಗ ಟಂಟಂ, ಟಾಟಾ ಏಸ್. ಅಣ್ಣಿಗೇರಿ, ಕುಂದಗೋಳಗಳಿಗೆ 1880ರ ದಶಕದಲ್ಲೇ ರೈಲು ಬಂತು. ಒಂದು ಹುಬ್ಬಳ್ಳಿ ಗದಗ ಹಾದಿಯಲ್ಲಿ, ಇನ್ನೊಂದು ಹುಬ್ಬಳ್ಳಿ ಹರಿಹರ ಹಾದಿಯಲ್ಲಿ. ನವಲಗುಂದಕ್ಕೂ ಕಲಘಟಗಿಗೂ ಇವತ್ತಿಗೂ ರೈಲಿಲ್ಲ. ರೈಲು ಬಂದ ಊರಿನ ವ್ಯಾಪಾರ ಬೆಳೆಯಿತು ಅನ್ನುವುದು ವಾಡಿಕೆ. ನನಗೇನೋ ಅದೇ ರೈಲು ಅರ್ಧ ಗಿರಾಕಿಯನ್ನು ಹುಬ್ಬಳ್ಳಿಗೂ ಒಯ್ದಿತು ಅನ್ನಿಸುತ್ತದೆ. ಏನೇ ಇರಲಿ, ಊರೂರು ತಿರುಗುವ ಈ ಮಂದಿಗೆ ಪ್ರತಿ ಸಂತೆಯಲ್ಲೂ ಕೂಡುವ ಜಾಗ ಗೊತ್ತುಪಡಿಸಿದ್ದು ಇರುತ್ತದೆ. ಬರೆದುಕೊಟ್ಟವರಿಲ್ಲ, ಪಟ್ಟೆ ಇಲ್ಲ, ಉತಾರ ಇಲ್ಲ. ಆದರೂ ತಂದೆ ಕೂಡುತ್ತಿದ್ದ ನಾಲ್ಕು ಮೊಳ ನೆಲದಲ್ಲಿ ಮಗ ಬಂದು ಕೂಡುತ್ತಾನೆ. ಒಂದು ವಾರ ಜ್ವರ ಬಂದು ಬಾರದಿದ್ದರೆ ಮಗ್ಗುಲಿನವನು ಆ ಜಾಗಕ್ಕೆ ಚಾಚುತ್ತಾನೆ, ಮರುವಾರ ತಾನಾಗಿ ಹಿಂದೆ ಸರಿಯುತ್ತಾನೆ.

ನಾಲ್ಕೂ ಕಡೆ ಸಂತೆ ಒಂದೇ ಅಂದುಕೊಳ್ಳಬೇಡಿ. ನೆಲ ಬದಲಾದಂತೆ ಸಂತೆಯ ಬುಟ್ಟಿಯೂ ಬದಲು. ನವಲಗುಂದ, ಅಣ್ಣಿಗೇರಿ ಎರೆ ಸೀಮೆ. ಮಳೆ ಬಿದ್ದರೆ ಕಾಲು ಕೀಳಲು ಬಾರದ ಕಪ್ಪು ಮಣ್ಣು. ಸಂತೆ ಬಯಲಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವವರನ್ನು ಆಗ ನೋಡಬೇಕು. ಅಲ್ಲಿ ಜೋಳ, ಕಡಲೆ, ಹೆಸರು, ಗೋಧಿ, ಕುಸುಬಿ, ಉಳ್ಳಾಗಡ್ಡಿ. ಚಳಿಗಾಲದಲ್ಲಿ ಹಸಿಗಡಲೆಯ ಸಿವುಡು, ಹಕ್ಕರಿಕೆ, ಕಡಲೆಪಲ್ಯದ ಒಣಸೊಪ್ಪು. ಕಡಲೆಗಿಡದ ಎಲೆಯ ಹುಳಿ ನಾಲಿಗೆಗೆ ಹತ್ತಿದವರಿಗೆ ಅದರ ಮುಂದೆ ಬೇರೆ ಸೊಪ್ಪು ಸೊಪ್ಪಲ್ಲ. ಕುಂದಗೋಳದ ಕಡೆ ಹೊರಳಿದರೆ ಸಂಶಿ, ಗುಡಗೇರಿ, ಯರಗುಪ್ಪಿಯ ಬಯಲಿನಲ್ಲಿ ಒಣಮೆಣಸಿನಕಾಯಿಯ ಘಾಟು. ಸವಾಯಿ ಗಂಧರ್ವರ ಊರು ಅಂತ ಕುಂದಗೋಳ ಸಂಗೀತದವರಿಗೆ ಗೊತ್ತು. ಅಡುಗೆಮನೆಯವರಿಗೆ ಗೊತ್ತಿರುವುದು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯೆಂದು. ಕಲಘಟಗಿ ಮತ್ತೊಂದೇ ಲೋಕ, ಅರೆಮಲೆನಾಡು. ಭತ್ತ, ಅವಲಕ್ಕಿ, ಗೋವಿನಜೋಳ, ಬೇಸಿಗೆಗೆ ಮಾವು, ಮಳೆಗಾಲಕ್ಕೆ ಕಳಲೆ, ಅಣಬೆ. ಮೇದಾರರು ಹೆಣೆದ ಮೊರ, ಬುಟ್ಟಿ, ಕಣಜಗಳ ಸಾಲು ಅಲ್ಲಿಯಷ್ಟು ಎರೆ ಸೀಮೆಯಲ್ಲಿ ಕಾಣುವುದಿಲ್ಲ.

ಇಲ್ಲೊಂದು ತಮಾಷೆ ಉಂಟು. ನವಲಗುಂದದ ಹೆಸರು ಹೊರಗೆ ಗೊತ್ತಾದದ್ದು ಜಮಖಾನೆಯಿಂದ. ಕಲಘಟಗಿಯ ಹೆಸರು ಬಣ್ಣದ ತೊಟ್ಟಿಲಿನಿಂದ. ಎರಡೂ ಸಂತೆಯ ನೆಲದ ಮೇಲೆ ಸಿಗುವ ವಸ್ತುಗಳಲ್ಲ. ಜಮಖಾನೆಯನ್ನು ಹೆಣ್ಣುಮಕ್ಕಳೇ ಮನೆಯೊಳಗೆ ನಿಲುಮಗ್ಗದ ಮೇಲೆ ನೇಯುತ್ತಾರೆ. ವಿಜಯಪುರದಿಂದ ಬಂದ ಮನೆತನಗಳು ಅಂತ ಹೇಳಿಕೆ. ಈ ವಿದ್ಯೆ ಮದುವೆಯಾಗಿ ಹೊರಗೆ ಹೋಗುವ ಮಗಳಿಗಿಂತ ಮನೆಗೆ ಬಂದ ಸೊಸೆಗೆ ಸಿಗುತ್ತಿತ್ತಂತೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ನೇಯುವ ಕೈಗಳು ಬೆರಳೆಣಿಕೆಯಷ್ಟೇ ಉಳಿದಿವೆ. ತೊಟ್ಟಿಲು ಬೇಕಾದವರು ಚಿತ್ರಗಾರರ ಮನೆಗೆ ಹೋಗಿ, ಮುಂಗಡ ಕೊಟ್ಟು, ಹೇಳಿ ಮಾಡಿಸಬೇಕು. ಊರಿಗೆ ಹೆಸರು ತಂದ ಸಾಮಾನು ಊರ ಸಂತೆಗೆ ಬಾರದು. ಸಂತೆಗೆ ಬರುವುದು ಹೆಸರಿಲ್ಲದ ಸಾಮಾನು.

ಇನ್ನು ಅಳತೆಯ ಮಾತು. 1957ರ ಏಪ್ರಿಲ್ ಒಂದರಿಂದ ನಯೇಪೈಸೆ ಬಂತು. ಮರುವರ್ಷ ಅಕ್ಟೋಬರದಿಂದ ಕಿಲೋ, ಗ್ರಾಂ ಚಾಲ್ತಿಗೆ ಬಂದವು. ಕಾಗದದ ಮೇಲೆ ಸೇರು, ಪಾವು, ಅಚ್ಛೇರು, ಅಡಿಸೇರು ಎಲ್ಲ ಮುಗಿದುಹೋಗಬೇಕಿತ್ತು. ಜೋಳ ತುಂಬುವವರ ಕೈಯಲ್ಲಿ ಮಾತ್ರ ಸೇರು ಇವತ್ತಿಗೂ ಇದೆ. ಆ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ಎಡಗೈ ಸೇರಿನ ಕಂಠ ಹಿಡಿದಿದೆ, ಬಲಗೈ ರಾಶಿಯಿಂದ ಕಾಳು ಎಳೆದು ತುಂಬುತ್ತದೆ. ತುಂಬಿ ಬಂದ ಮೇಲೆ ಮಾರುವವಳು ಎರಡೂ ಅಂಗೈಗಳಿಂದ ಮೇಲೆ ಗೋಪುರ ಏರಿಸುತ್ತಾಳೆ. ಕಾಳು ನಾಲ್ಕೂ ಕಡೆ ಜಾರಿ ಇನ್ನು ನಿಲ್ಲುವುದಿಲ್ಲ ಅಂದಾಗ ಸುರುವುತ್ತಾಳೆ. ಮೊದಲ ಸೇರಿಗೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು. ಕೊಳ್ಳುವವಳ ಕಣ್ಣು ಸೇರಿನ ಮೇಲಿರುವುದಿಲ್ಲ, ಎಡಗೈಯ ಹೆಬ್ಬೆರಳಿನ ಮೇಲಿರುತ್ತದೆ. ಹೆಬ್ಬೆರಳು ಸೇರಿನ ಒಳಗೆ ಇಳಿದಿದ್ದರೆ ಪ್ರತಿ ಸೇರಿಗೂ ಒಂದು ಹೆಬ್ಬೆರಳಿನಷ್ಟು ಜೋಳ ಹೋಯಿತು. ‘ಬಟ್ಟ ಹೊರಗ ತಗಿ ಯವ್ವಾ’ ಅನ್ನುತ್ತಾಳೆ, ನಗುತ್ತಲೇ. ಮಾರುವವಳೂ ನಗುತ್ತಲೇ ತೆಗೆಯುತ್ತಾಳೆ. ಮೋಸ ಅಂತ ಇಬ್ಬರೂ ಹೆಸರು ಇಡುವುದಿಲ್ಲ.

ಮೆಣಸಿನಕಾಯಿ ಕೊಳ್ಳುವುದು ಇದಕ್ಕಿಂತ ದೊಡ್ಡ ವಿದ್ಯೆ. ಫೆಬ್ರುವರಿ, ಮಾರ್ಚಿನಲ್ಲಿ ವರ್ಷದ ಖಾರಪುಡಿಗೆ ತೆಗೆದುಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಚೀಲದ ಬಾಯಿಯ ಕಾಯಿಯನ್ನು ಮುಟ್ಟುವುದೂ ಇಲ್ಲ. ಕೈ ಮೊಣಕೈವರೆಗೆ ಒಳಗಿಳಿಸಿ ನಡುವಿನದನ್ನು ತೆಗೆಯುತ್ತಾರೆ. ಮೈಮೇಲೆ ನೆರಿಗೆ ಇರಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಅನ್ನಬೇಕು. ಅನ್ನದಿದ್ದರೆ ಒಳಗೆ ಹಸಿ ಇದೆ, ತೂಕಕ್ಕೆ ನೀರು ಸೇರಿದೆ ಅಂತ ಲೆಕ್ಕ. ಬ್ಯಾಡಗಿಯಲ್ಲಿ ಡಬ್ಬಿ ಜಾತಿ ಬೇಕೋ ಕಡ್ಡಿ ಜಾತಿ ಬೇಕೋ ಎಂಬ ಚರ್ಚೆ ಅರ್ಧ ತಾಸು. ಬಣ್ಣಕ್ಕೆ ಡಬ್ಬಿ. ಖಾರ ಸಾಲದಿದ್ದರೆ ಬೇರೆ ಜಾತಿಯ ಕಾಯಿ ಒಂದಿಷ್ಟು ಬೆರಸಬೇಕು. ಇದನ್ನೆಲ್ಲ ನೋಡುತ್ತ ನಿಂತ ಗಂಡ ‘ಸಾಕ್ ಬಾರ’ ಅಂದರೆ ಅವನ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಬೆಲೆಗೆ ಬಂದೆವು. ಚೌಕಾಸಿ ಅಂದರೆ ಜಿಪುಣತನ ಅಂತ ತಿಳಿದವರಿದ್ದಾರೆ, ಒಂದು ಮಾತು ಕೇಳಿ.

‘ಹೆಂಗ್ ಬೇ ಯಕ್ಕಾ ಮೆಂತೆ?’

‘ಹತ್ತಕ್ಕ ಎರಡ ಸಿವುಡ ನೋಡವ್ವಾ.’

‘ಮೂರ ಕೊಡು.’

‘ಬರಂಗಿಲ್ಲ ತಂಗಿ. ನೀರ ಹೊತ್ತು ಬೆಳಸೇನಿ.’

‘ಹ್ವಾದ ವಾರ ಮೂರ ಕೊಟ್ಟಿದ್ದೆಲ್ಲ?’

‘ಹ್ವಾದ ವಾರ ಮಳಿ ಇತ್ತು, ಸೊಪ್ಪು ಹೆಚ್ಚಿತ್ತು. ಇರ್ಲಿ, ತಗೋ, ಎರಡರ ಮ್ಯಾಲ ಕೊತ್ತಂಬರಿ ಕೊಸರು ಹಾಕ್ತೀನಿ.’

ಇದರಲ್ಲಿ ಬೆಲೆ ಇಳಿಯಲೇ ಇಲ್ಲ. ಇಳಿಯದೆಯೂ ಇಬ್ಬರಿಗೂ ಸಮಾಧಾನವಾಯಿತು. ಮುಖ್ಯ ಮಾತು ‘ಹ್ವಾದ ವಾರ’. ಮಾರುವವಳಿಗೂ ಕೊಳ್ಳುವವಳಿಗೂ ಕಳೆದ ವಾರದ ನೆನಪಿದೆ, ಬರುವ ವಾರದ ಭಯವಿದೆ. ಕೊಳೆತ ಬದನೆಕಾಯಿ ಕೆಳಗಿಟ್ಟು ಮೇಲೆ ಚಲೋದನ್ನು ಜೋಡಿಸಿದವಳು ಮುಂದಿನ ಸಂತೆಗೆ ಅದೇ ನಾಲ್ಕು ಮೊಳ ನೆಲದಲ್ಲಿ ಕೂಡಬೇಕು. ಹತ್ತು ರೂಪಾಯಿ ಉದ್ರಿ ಹೇಳಿ ಹೋದವಳು ಅದೇ ಸಾಲಿನಲ್ಲಿ ಹಾಯ್ದು ಬರಬೇಕು. ‘ಮುಂದಿನ ವಾರ ಮತ್ತ ಬರಬೇಕಲ್ಲ’ ಅನ್ನುವುದೇ ಸಂತೆಯ ಕಾನೂನು. ಇದಕ್ಕೆ ಬೇರೆ ಪೊಲೀಸು, ಕಚೇರಿ ಇಲ್ಲ.

ಈ ಕಾನೂನು ಎಲ್ಲಿ ನಡೆಯುವುದಿಲ್ಲ ಅನ್ನುವುದಕ್ಕೂ ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಅರಳೆ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತು, ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಬೆಲೆಯ ಬೆನ್ನಿಗೇ ಮೋಸವೂ ಬಂತು. ಅರಳೆಯಲ್ಲಿ ಬೀಜ ಉಳಿಸುವುದು, ಕಸ ಬೆರೆಸುವುದು, ನೀರು ಚಿಮುಕಿಸಿ ಭಾರ ಮಾಡುವುದು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಹೆಬ್ಬೆರಳು ಹೊರಗೆ ತೆಗಿ ಅಂದರೆ ನಗುತ್ತ ತೆಗೆಯುವ ಮಂದಿಯೇ ಹತ್ತಿಗೆ ಏಕೆ ನೀರು ಹಾಕಿದರು? ಕೊಳ್ಳುವವನು ಕಡಲಾಚೆಯ ಲಿವರ್‌ಪೂಲಿನಲ್ಲಿದ್ದ. ಅವನು ಮುಂದಿನ ವಾರ ಎದುರಿಗೆ ಬಂದು ನಿಲ್ಲುವವನಲ್ಲ. ನಡುವೆ ದಲಾಲಿ, ಅವನ ಮೇಲೆ ಇನ್ನೊಬ್ಬ, ಬಂದರಿನಲ್ಲಿ ಮತ್ತೊಬ್ಬ. ಮುಖ ಕಾಣದ ವ್ಯಾಪಾರಕ್ಕೆ ಕಾಯ್ದೆ ಬೇಕು. 1939ರಲ್ಲಿ ಮುಂಬಯಿ ಪ್ರಾಂತದ ಮಾರುಕಟ್ಟೆ ಕಾಯ್ದೆ, 1966ರಲ್ಲಿ ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಬಂದದ್ದು ಇದೇ ಕಾರಣಕ್ಕೆ. ರೈತನ ದೊಡ್ಡ ಮಾರಾಟ ಈಗ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಯಾರ್ಡಿಗೋ ಬ್ಯಾಡಗಿಗೋ ಹೋಗುತ್ತದೆ. ಚೀಲಗಟ್ಟಲೆ ಮಾರಿ ಬಂದವನು ಪಾವ್ ಕಿಲೋ ಕೊಳ್ಳುವುದಕ್ಕೆ ಊರ ಸಂತೆಗೆ ಬರುತ್ತಾನೆ. ಸೊಪ್ಪು, ಕಾಯಿಪಲ್ಯ, ಕೋಳಿ, ತತ್ತಿ ಇಷ್ಟೇ ರೈತರ ಮನೆಯಿಂದ ನೇರ ಸಂತೆಗೆ ಇಳಿಯುವಂಥವು, ಅವೂ ಹೆಚ್ಚಾಗಿ ಹೆಂಗಸರ ಕೈಯಿಂದ.

ಸಂತೆ ನಮ್ಮದೊಂದೇ ಸೊತ್ತು ಅಂತ ಬೀಗುವುದೂ ಬೇಡ. ಆಫ್ರಿಕದ ನೈಜೀರಿಯಾದಲ್ಲಿ ಈಗ್ಬೋ ಎಂಬ ದೊಡ್ಡ ಜನಾಂಗವಿದೆ. ಅವರ ಹಳೆಯ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ಎನ್‌ಕ್ವೊ. ನಾಲ್ಕೂ ಸಂತೆಗಳ ಹೆಸರು. ನಮ್ಮಲ್ಲಿ ವಾರಕ್ಕೆ ಸಂತೆ ಬಂತು, ಅವರಲ್ಲಿ ಸಂತೆಯಿಂದಲೇ ವಾರ ಆಯಿತು. ಆ ದೇಶದ ಉತ್ತರದಲ್ಲಿ ಕಾನೊ ಎಂಬ ನಗರದ ಕುರ್ಮಿ ಮಾರುಕಟ್ಟೆ 15ನೇ ಶತಮಾನದ್ದು. ಆ ಕಡೆ ಕಾಳನ್ನು ಬಟ್ಟಲಿನಲ್ಲಿ ಗೋಪುರ ಏರಿಸಿಯೇ ಅಳೆಯುತ್ತಾರೆ. ಕೊಂಡ ಮೇಲೆ ಗಿರಾಕಿ ಕೊಸರು ಕೇಳುತ್ತಾನೆ, ‘ಜಾರಾ’ ಅಂತ ಅದರ ಹೆಸರು, ಮಾರುವವಳು ಗೊಣಗುತ್ತ ಒಂದು ಹಿಡಿ ಹಾಕುತ್ತಾಳೆ. ನವಲಗುಂದದ ಅವ್ವನನ್ನು ಒಯ್ದು ಅಲ್ಲಿ ಕೂಡಿಸಿದರೆ ಭಾಷೆ ಬಾರದಿದ್ದರೂ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ ಏಳುತ್ತಾಳೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ದನದ ಸಂತೆಯ ರೀತಿಯೇ ಬೇರೆ. ಅಲ್ಲಿ ಮಾತು ಕಡಿಮೆ, ಬೆರಳು ಹೆಚ್ಚು. ದಲಾಲಿ ಟವೆಲ್ಲಿನ ಕೆಳಗೆ ಕೈ ಇಳಿಸಿ ಎದುರಿನವನ ಬೆರಳು ಹಿಡಿಯುತ್ತಾನೆ. ಬೆಲೆ ಬೆರಳಿನಿಂದ ಬೆರಳಿಗೆ ಹೋಗುತ್ತದೆ, ಸುತ್ತ ನಿಂತ ಹತ್ತು ಮಂದಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಎತ್ತಿನ ಬಾಯಿ ತೆಗೆಸಿ ನೋಡುವುದು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡಿತು. ಆಮೇಲೆ ಸುಳಿ. ಬೆನ್ನ ಮೇಲೆ, ಹಣೆಯ ಮೇಲೆ ಎಲ್ಲಿ ಸುಳಿ ಇದ್ದರೆ ಮನೆಗೆ ಒಳಿತು, ಎಲ್ಲಿದ್ದರೆ ಕೇಡು ಅನ್ನುವ ಶಾಸ್ತ್ರ ಪಶುವೈದ್ಯರಿಗೆ ಒಪ್ಪಿಗೆಯಾಗದು, ಬೆಲೆಯನ್ನಂತೂ ಇಳಿಸುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಈ ಸಂತೆ ಸೊರಗಿತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ರಾಜ್ಯದಲ್ಲಿ ದನದ ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ದನ ಕಡಿಮೆಯಾದಂತೆ ಮಿಣಿ, ಮಗಡ, ಬಾರಕೋಲು, ಗೆಜ್ಜಿಸರ ಮಾರುವ ಸಾಲೂ ಕಿರಿದಾಯಿತು. ಕಾರಹುಣ್ಣಿಮೆ ಹತ್ತಿರ ಬಂದರೆ ಮಾತ್ರ ಹಣಿಗೊಂಡೆ, ಬಣ್ಣಗಳಿಗೆ ಮತ್ತೆ ಗಿರಾಕಿ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ತರುವ ಮಣ್ಣಿನ ಎತ್ತುಗಳಿಗೆ ಟ್ರ್ಯಾಕ್ಟರ್ ಇರುವ ಮನೆಯವರೂ ಬರುತ್ತಾರೆ.

ತಿಂಡಿಯ ಬಗ್ಗೆ ಬಹಳ ಹೇಳುವುದಿಲ್ಲ, ಹೇಳಿದರೆ ಕೇಳುಗರು ರೇಡಿಯೋ ಬಂದ್ ಮಾಡಿ ಎದ್ದು ಹೋದಾರು. ಗಿರಮಿಟ್, ಮಿರ್ಚಿ, ಚುರುಮುರಿ, ಖಾರಾ ಶೇವು. ಸಂತೆಗೆ ಹೋದ ತಾಯಿ ಮಕ್ಕಳಿಗೆ ಫುಟಾಣಿಯ ಪೊಟ್ಟಣ ತರದೆ ಬಂದರೆ ಅದು ಸಂತೆಯೇ ಅಲ್ಲ ಅಂತ ಮಕ್ಕಳ ತೀರ್ಪು.

ಈಚೆಗೆ ಮೆಂತೆ ಸೊಪ್ಪಿನ ಬುಟ್ಟಿಗೂ ಫೋನ್‌ಪೇ ಚೀಟಿ ಬಂದಿದೆ. ಅಜ್ಜಿಯ ಮುಂದೆ ಮೊಮ್ಮಗನ ಹೆಸರಿನ ಚೀಟಿ. ರೊಕ್ಕ ಬಂದದ್ದನ್ನು ಡಬ್ಬಿ ಕೂಗಿ ಹೇಳುತ್ತದೆ, ಅಜ್ಜಿ ನಂಬುತ್ತಾಳೆ. ಸಂಜೆ ಮೊಮ್ಮಗನಿಂದ ರೊಕ್ಕ ಬಿಡಿಸಿಕೊಳ್ಳುವುದು ಅವಳಿಗೆ ಇನ್ನೊಂದು ಚೌಕಾಸಿ. 2020ರ ಲಾಕ್‌ಡೌನಿನಲ್ಲಿ ಸಂತೆ ನಿಂತಾಗ, ಇನ್ನು ಇದು ಮುಗಿಯಿತು, ಮನೆ ಬಾಗಿಲಿಗೆ ಬರುವ ಗಾಡಿಗಳೇ ಸಾಕು ಅಂದವರಿದ್ದರು. ನಿರ್ಬಂಧ ಸಡಿಲಾದ ಮೇಲೆ ಅದೇ ಬಯಲು, ಅದೇ ಸಾಲು, ಅವರೇ ಮಂದಿ ಬಂದು ಕುಳಿತರು.

ಕುಳಿತರು ಅಂದೆ. ಎಲ್ಲಿ ಕುಳಿತರು ಅನ್ನುವುದನ್ನೂ ಹೇಳಬೇಕು. ನಮ್ಮ ಹಲವು ಸಂತೆಗಳಲ್ಲಿ ರಸ್ತೆಯ ಮಗ್ಗುಲೇ ಸಂತೆ. ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ನೆತ್ತಿಯ ಮೇಲೆ ಒಂದು ಹರಕು ತಾಡಪತ್ರಿ. ಸಂತೆಯ ಜಕಾತಿ ವಸೂಲಿಯನ್ನು ಹರಾಜು ಹಾಕುತ್ತಾರೆ, ಹಿಡಿದವನ ಆಳು ಬುಟ್ಟಿ ಬುಟ್ಟಿಯ ಮುಂದೆ ನಿಂತು ಚೀಟಿ ಹರಿಯುತ್ತಾನೆ. ಮುಂಜಾನೆ ಆರಕ್ಕೆ ಊರು ಬಿಟ್ಟು ಬಂದ ಹೆಣ್ಣುಮಗಳು ಸಂಜೆಯವರೆಗೆ ಅಲ್ಲಿ ಕೂಡಬೇಕು. ನಾನು ಮಾತನಾಡಿಸಿದ ಬಹಳ ಮಂದಿ ಸಂತೆಯ ದಿನ ನೀರು ಕುಡಿಯುವುದೇ ಇಲ್ಲ ಅಂದರು. ಯಾಕೆ ಅಂತ ಕೇಳಿದರೆ ತಲೆ ತಗ್ಗಿಸಿ ನಕ್ಕರು. ಹೋಗಲು ಜಾಗ ಎಲ್ಲಿದೆ? 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಪಟ್ಟಣಗಳಲ್ಲಿ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ ನಲವತ್ತು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಅಂತ ಅದರಲ್ಲಿ ಬರೆದಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ನಾಲ್ಕೂ ಪಟ್ಟಣಗಳೇ. ಸೊಪ್ಪಿನ ಸಾಲಿನ ಅಕ್ಕಂದಿರು ಆ ಸಮಿತಿಯ ಸಭೆಗೆ ಹೋಗಿ ಮೊದಲು ಪಾಯಿಖಾನೆಯ ಮಾತು ಎತ್ತಲಿ. ನಳದ ನೀರು, ತಗಡಿನ ಚಾವಣಿ ಆಮೇಲೆ. ಜಕಾತಿಯ ಚೀಟಿಗಳನ್ನು ಹರಿದು ಬಿಸಾಡದೆ ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಹೋಗಿರಿ ಯಕ್ಕಾ, ವರ್ಷಕ್ಕೆ ಎಷ್ಟು ಕೊಟ್ಟಿದ್ದೀರಿ ಅಂತ ಮೇಜಿನ ಮೇಲೆ ಸುರುವಿ ತೋರಿಸಲು ಬೇಕಾಗುತ್ತದೆ.